ಬ್ರೌಸರಿಗೆ ಅನ್ನ ಹಾಕುವವರು

ಬ್ರೌಸರನ್ನು ದುಡ್ಡು ಕೊಟ್ಟು ಕೊಳ್ಳುವ ಕಾಲವೊಂದಿತ್ತು. ನಾರ್ವೆಯ ಒಪೆರಾ 2005ರವರೆಗೂ ಹಣ ಕೇಳುತ್ತಿತ್ತು. ಕೊಡಲೊಲ್ಲದವರ ಪರದೆಯ ಮೇಲಂಚಿಗೆ ಜಾಹೀರಾತಿನ ಪಟ್ಟಿಯೊಂದನ್ನು ಅಂಟಿಸುತ್ತಿತ್ತು. ವ್ಯವಹಾರ ಕಣ್ಣಿಗೆ ಕಾಣುವಂತಿತ್ತು. ಈಗ ಹೆಚ್ಚುಕಡಿಮೆ ಎಲ್ಲವೂ ಬಿಟ್ಟಿ. ಯಾವ ಬ್ರೌಸರಿನ ಪ್ರಚಾರ ನೋಡಿದರೂ ಗುರಾಣಿಯದೋ ಬೀಗದ್ದೋ ಒಂದು ಚಿತ್ರ, ಅದರ ಕೆಳಗೆ ಖಾಸಗಿತನದ ಭರವಸೆ. ಕೋಟಿಗಟ್ಟಲೆ ಸಾಲುಗಳ ಕೋಡ್ ಬರೆದು, ಕೆಲವೇ ವಾರಗಳಿಗೊಮ್ಮೆ ಅದಕ್ಕೆ ತೇಪೆ ಹಚ್ಚಿ, ಊರಿಗೆಲ್ಲ ಬಿಟ್ಟಿ ಹಂಚುವವರ ಮನೆಯ ಒಲೆ ಉರಿಯುವುದು ಹೇಗೆ? ಕ್ರೋಮ್ ಬಿಟ್ಟು ಬೇರೆಯದನ್ನು ಹುಡುಕುವವರು ಮೊದಲು ಕೇಳಬೇಕಾದದ್ದು ಇದನ್ನು. ಎರಡನೆಯ ಪ್ರಶ್ನೆ ಇನ್ನೂ ಖಾರವಾದದ್ದು: ಕೊಟ್ಟ ಮಾತಿಗೂ ಬರುವ ಆದಾಯಕ್ಕೂ ಜಗಳ ಬಿದ್ದ ದಿನ ಆ ಕಂಪನಿ ಯಾರ ಪಕ್ಷ ಹಿಡಿಯಿತು? ಪುಟ ಎಷ್ಟು ಬೇಗ ತೆರೆಯುತ್ತದೆ, ಟ್ಯಾಬು ಎಷ್ಟು ಚೆಂದ ಎಂಬುದೆಲ್ಲ ಆಮೇಲಿನ ಮಾತು.

ಕ್ರೋಮನ್ನು ಬೈಯುವ ಮುಂಚೆ ಅದಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. 2008ರ ಸೆಪ್ಟೆಂಬರಿನಲ್ಲಿ ಅದು ಬಂದಾಗ, ಒಂದು ಪುಟ ಕೆಟ್ಟರೆ ಇಡೀ ಬ್ರೌಸರ್ ಮಕಾಡೆ ಮಲಗುವುದು ಮಾಮೂಲಾಗಿತ್ತು. ಟ್ಯಾಬುಗಳನ್ನು ಒಂದರಿಂದೊಂದು ಬೇರ್ಪಡಿಸಿ ಓಡಿಸಿದ ಕ್ರೋಮ್ ಆ ಕಾಟವನ್ನು ತಪ್ಪಿಸಿತು. ಹ್ಯಾಕರುಗಳನ್ನು ಹೊರಗಿಡುವ ವಿಷಯದಲ್ಲಿ ಇಂದಿಗೂ ಅದು ಬಹಳ ಗಟ್ಟಿ. ತೊಂದರೆ ಇರುವುದು ಅದರ ಯಜಮಾನ ಜಾಹೀರಾತಿನ ದುಡ್ಡಿನಲ್ಲಿ ಬದುಕುವವನಾಗಿರುವುದರಲ್ಲಿ. ಒಂದು ತಾಣದಿಂದ ಇನ್ನೊಂದಕ್ಕೆ ನಮ್ಮ ಬೆನ್ನು ಹತ್ತುವ ಕುಕೀಗಳನ್ನು ಆಪಲ್‌ನ ಸಫಾರಿ 2017ರಿಂದ, ಫೈರ್‌ಫಾಕ್ಸ್ 2019ರಿಂದ ತಾವಾಗಿಯೇ ತಡೆಯತೊಡಗಿದವು. ಗೂಗಲ್ 2020ರ ಜನವರಿಯಲ್ಲಿ, ಎರಡು ವರ್ಷದೊಳಗೆ ನಾವೂ ನಿಲ್ಲಿಸುತ್ತೇವೆ ಎಂದಿತು. ಗಡುವು 2023ಕ್ಕೆ ಹೋಯಿತು, ಆಮೇಲೆ 2024ಕ್ಕೆ, ಮತ್ತೆ ಮುಂದಕ್ಕೆ. 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಆಕ್ಷೇಪ ಎತ್ತಿದ್ದರೆಂಬುದು ನಿಜ. ಆದರೆ ಕುಕೀ ತೆಗೆದರೆ ಕಂಪನಿಗೇ ಪೆಟ್ಟು ಬೀಳುವ ಹಾಗಿಲ್ಲದಿದ್ದರೆ ಇಷ್ಟು ವರ್ಷ ಎಳೆದಾಡುತ್ತಿತ್ತೇ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಇನ್‌ಕಾಗ್ನಿಟೊ ಕಿಟಕಿಯ ಕತೆಯೂ ಇದೇ. ಟೋಪಿ, ಕನ್ನಡಕ ಹಾಕಿಕೊಂಡ ಆ ಗೂಢಚಾರನ ಚಿತ್ರವನ್ನು ನಂಬಿ ಎಷ್ಟು ಜನ ತಮ್ಮ ಕಾಯಿಲೆ, ಸಾಲ, ಮದುವೆಯ ಚಿಂತೆಗಳನ್ನು ಅಲ್ಲಿ ಟೈಪಿಸಿರಬಹುದು! ಅದು ಬಚ್ಚಿಡುವುದು ಅದೇ ಕಂಪ್ಯೂಟರ್ ಬಳಸುವ ಮನೆಯವರಿಂದ ಮಾತ್ರ. ಅಮೆರಿಕದಲ್ಲಿ 2020ರಲ್ಲಿ ಹೂಡಿದ ಮೊಕದ್ದಮೆಯ ಬಿಸಿ ತಟ್ಟಿ, ಇನ್‌ಕಾಗ್ನಿಟೊದಲ್ಲಿ ಸಂಗ್ರಹವಾದ ಶತಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಗೂಗಲ್ 2024ರ ರಾಜಿಯಲ್ಲಿ ಒಪ್ಪಿಕೊಂಡಿತು. ಅಳಿಸಲು ಅಷ್ಟೊಂದು ಇತ್ತು ಎಂಬುದೇ ಸಾಕಲ್ಲವೇ.

ಮೈಕ್ರೋಸಾಫ್ಟಿನ ಎಡ್ಜ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2020ರ ಜನವರಿಯಿಂದ ಅದೂ ಕ್ರೋಮಿನ ಮೂಲವಾದ ಕ್ರೋಮಿಯಂ ಮೇಲೇ ನಿಂತಿದೆ. ಬ್ರೌಸರುಗಳು ತಮ್ಮ ಕಂಪನಿಗೆ ಏನೇನು ವರದಿ ಒಪ್ಪಿಸುತ್ತವೆ ಎಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಡಗ್ಲಸ್ ಲೀತ್ ಅದೇ ವರ್ಷ ಅಳೆದು ನೋಡಿದಾಗ ಎಡ್ಜ್ ಮತ್ತು ರಷ್ಯದ ಯಾಂಡೆಕ್ಸ್ ಕೊನೆಯ ಸಾಲಿನಲ್ಲಿದ್ದವು. ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ನಡುವೆ. ಮುಂದಿನ ಸಾಲಿನಲ್ಲಿ ಬ್ರೇವ್ ಒಂದೇ. ಅವರು ಯಾವ ಸೆಟ್ಟಿಂಗನ್ನೂ ಮುಟ್ಟದೆ, ಬ್ರೌಸರ್ ಕೈಗೆ ಬಂದ ಸ್ಥಿತಿಯಲ್ಲೇ ಅಳೆದರು. ಸರಿಯಾದ ಅಳತೆ ಅದೇ. ಹೆಚ್ಚಿನ ಮಂದಿ ಸೆಟ್ಟಿಂಗಿನ ಪುಟಕ್ಕೆ ಕಾಲಿಡುವವರಲ್ಲ. ಹೊರಗಿಟ್ಟ ಭರವಸೆಯನ್ನು ಒಳಗಿನ ಐದನೆಯ ಮೆನುವಿನಲ್ಲಿ ಹುಡುಕಿ ಆನ್ ಮಾಡಬೇಕಾದರೆ ಅದನ್ನು ಭರವಸೆ ಎನ್ನುವುದು ಕಷ್ಟ.

ಬ್ರೇವ್ ಕಟ್ಟಿದವರಲ್ಲಿ ಮುಖ್ಯರು ಬ್ರೆಂಡನ್ ಐಕ್. 1995ರಲ್ಲಿ ಜಾವಾಸ್ಕ್ರಿಪ್ಟ್ ಬರೆದವರು, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾವನ್ನು ಹುಟ್ಟುಹಾಕಿದವರಲ್ಲೊಬ್ಬರು. ತಂದ ದಿನವೇ ಜಾಹೀರಾತು, ಹಿಂಬಾಲಕ ಎರಡನ್ನೂ ತಡೆಯುವ ಬ್ರೌಸರ್ ಇದು. ಆ ಮಟ್ಟಿಗೆ ಲೀತ್ ಕೊಟ್ಟ ಅಂಕ ನ್ಯಾಯವಾದದ್ದು. ಆದರೆ ಇತರರ ಜಾಹೀರಾತು ಕಿತ್ತವರು ತಮ್ಮದನ್ನು ತಂದರು. ನೋಡಲು ಒಪ್ಪಿದವರಿಗೆ ಕ್ರಿಪ್ಟೊ ಟೋಕನ್ನಿನ ಬಹುಮಾನ. 2020ರ ಜೂನ್‌ನಲ್ಲಿ ಎರಡನೆಯ ಪ್ರಶ್ನೆಗೆ ಉತ್ತರವೂ ಸಿಕ್ಕಿತು: ಬೈನಾನ್ಸ್ ಎಂಬ ಕ್ರಿಪ್ಟೊ ಪೇಟೆಯ ವಿಳಾಸ ಟೈಪಿಸಿದರೆ ಬ್ರೇವ್ ಅದರ ಬಾಲಕ್ಕೆ ತನ್ನ ಕಮಿಷನ್ ಕೋಡನ್ನು ಸದ್ದಿಲ್ಲದೆ ಸೇರಿಸುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ಐಕ್ ತಪ್ಪೊಪ್ಪಿಕೊಂಡರು, ಕೋಡನ್ನು ತೆಗೆಸಿದರು. ಯಾರ ಮಾಹಿತಿಯೂ ಸೋರಿರಲಿಲ್ಲ, ಸರಿ. ಆದರೂ ವಿಳಾಸದ ಪಟ್ಟಿ ಬಳಕೆದಾರನ ಕೈಬರಹ ಇದ್ದ ಹಾಗೆ. ಅದನ್ನು ಬ್ರೌಸರ್ ತಿದ್ದಿತೆಂಬುದು ನನಗೆ ಸಣ್ಣದಾಗಿ ಕಾಣುವುದಿಲ್ಲ.

ಇನ್ನು ಸ್ವದೇಶಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಈ ಮಾತು ಬಂದೊಡನೆ ನಮ್ಮಲ್ಲಿ ಪ್ರಶ್ನೆ ಕೇಳುವುದು ನಿಂತುಹೋಗುತ್ತದೆ. ಕಡಿಮೆ ಡೇಟಾದಲ್ಲಿ ಓಡುತ್ತದೆ ಎಂದು ಒಂದು ಕಾಲಕ್ಕೆ ಊರೂರಿನ ಮೊಬೈಲುಗಳಲ್ಲಿ ತುಂಬಿದ್ದ ಯುಸಿ ಬ್ರೌಸರ್ ಚೀನಾದ ಅಲಿಬಾಬಾದ್ದು. ಅದು ಹುಡುಕಾಟದ ಪದಗಳನ್ನೂ ಫೋನಿನ ಗುರುತುಗಳನ್ನೂ ಸರಿಯಾದ ಗೂಢಲಿಪಿಯ ರಕ್ಷಣೆಯಿಲ್ಲದೆ ಸಾಗಿಸುತ್ತಿದೆ ಎಂದು ಟೊರಾಂಟೊದ ಸಿಟಿಜನ್ ಲ್ಯಾಬ್ 2015ರಲ್ಲೇ ತೋರಿಸಿತ್ತು. 2020ರ ಜೂನ್‌ನಲ್ಲಿ 58 ಆ್ಯಪ್‌ಗಳ ಜೊತೆ ಅದಕ್ಕೂ ನಿಷೇಧ ಬಿತ್ತು. ಪರದೇಶಿಯದು ಕದಿಯುತ್ತದೆ, ಹಾಗಾಗಿ ನಮ್ಮದು ಸುರಕ್ಷಿತ ಎಂಬ ತರ್ಕ ಅಲ್ಲಿಂದ ಬೆಳೆಯಿತು.

ನಮ್ಮದು ಎನ್ನುವ ಪ್ರಯತ್ನ ಅದಕ್ಕೂ ಹಳೆಯದು, ಅದೂ ಬೆಂಗಳೂರಿನದೇ. ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆ 2010ರಲ್ಲಿ ಎಪಿಕ್ ಬ್ರೌಸರನ್ನು ಹೊರತಂದಾಗ ಅದರ ಮೂಲ ಫೈರ್‌ಫಾಕ್ಸ್. ಭಾರತೀಯ ಭಾಷೆಗಳಲ್ಲಿ ಬರೆಯುವ ಅನುಕೂಲವೇ ಆಗ ಅದರ ಹೆಮ್ಮೆ. 2013ರಲ್ಲಿ ಕ್ರೋಮಿಯಂಗೆ ಹಾರಿ, ಭಾಷೆಯನ್ನು ಹಿಂದಕ್ಕೆ ಸರಿಸಿ, ಖಾಸಗಿತನವನ್ನು ಮುಂದಿಟ್ಟುಕೊಂಡಿತು. ಪುಟ್ಟ ತಂಡದ ಬ್ರೌಸರ್ ಯಾವುದೇ ಇರಲಿ ಒಂದು ಅಪಾಯ ತಪ್ಪದು: ಕ್ರೋಮಿಯಂನಲ್ಲಿ ಬಿರುಕು ಕಂಡು ಗೂಗಲ್ ಮುಚ್ಚಿದ ಮೇಲೆ, ಆ ತೇಪೆಯನ್ನು ತಮ್ಮದಕ್ಕೂ ತಡಮಾಡದೆ ಹಚ್ಚುವಷ್ಟು ಕೈಗಳು ಬೇಕು. ಇಲ್ಲದಿದ್ದರೆ ಖಾಸಗಿತನ ಹುಡುಕಿಕೊಂಡು ಹೋದವನು ಭದ್ರತೆ ಕಳೆದುಕೊಳ್ಳುತ್ತಾನೆ.

ಜೋಹೊ ಕಂಪನಿಯ ಉಲಾ ಅಷ್ಟು ಬಡವಲ್ಲ. 2023ರ ಮೇ ತಿಂಗಳಲ್ಲಿ ಬಂತು. ಅದೂ ಕ್ರೋಮಿಯಂ ಸಂತಾನ. ಮೊದಲ ಪ್ರಶ್ನೆಯಲ್ಲಿ ಅದಕ್ಕೆ ಒಳ್ಳೆಯ ಅಂಕ ಕೊಡಬೇಕು: ಜೋಹೊ ಹೊಟ್ಟೆ ಹೊರೆಯುವುದು ಕಂಪನಿಗಳಿಗೆ ತಂತ್ರಾಂಶವನ್ನು ಚಂದಾಕ್ಕೆ ಕೊಟ್ಟು, ಜಾಹೀರಾತು ಮಾರಿ ಅಲ್ಲ. ನನ್ನ ಹಿಂಜರಿಕೆ ಇರುವುದು ಉಲಾ ಗೆದ್ದ ಸ್ಪರ್ಧೆಯ ಷರತ್ತಿನಲ್ಲಿ. ಕೇಂದ್ರದ ಐಟಿ ಸಚಿವಾಲಯ 2023ರಲ್ಲಿ ಸಾರಿದ, ಸರ್ಕಾರಿ ಸಂಶೋಧನಾ ಸಂಸ್ಥೆಯಾದ ಬೆಂಗಳೂರಿನ ಸಿ-ಡ್ಯಾಕ್ ಮುಂದೆ ನಿಂತು ನಡೆಸಿದ ಭಾರತೀಯ ಬ್ರೌಸರ್ ಸ್ಪರ್ಧೆಯಲ್ಲಿ ಜೋಹೊಗೆ 2025ರ ಮಾರ್ಚ್‌ನಲ್ಲಿ 1 ಕೋಟಿ ರೂಪಾಯಿಯ ಮೊದಲ ಬಹುಮಾನ ಬಂತು. ಸರ್ಕಾರದ ಪ್ರಮಾಣೀಕರಣ ನಿಯಂತ್ರಕರಾದ ಸಿಸಿಎ ಕಚೇರಿಯ ಮೂಲ ಪ್ರಮಾಣಪತ್ರವನ್ನು ಬ್ರೌಸರ್ ನಂಬಬೇಕು ಎನ್ನುವುದು ಆ ಸ್ಪರ್ಧೆಯ ಮುಖ್ಯ ಬೇಡಿಕೆಗಳಲ್ಲೊಂದು.

ಕೇಳಲು ಒಣ ವಿಷಯ, ಆದರೆ ಇಡೀ ಕಟ್ಟಡ ನಿಂತಿರುವುದೇ ಇದರ ಮೇಲೆ. ಬ್ಯಾಂಕಿನ ತಾಣ ತೆರೆದಾಗ, ಇದು ಆ ಬ್ಯಾಂಕಿನದೇ ಎಂದು ಗೆಜೆಟೆಡ್ ಅಧಿಕಾರಿಯಂತೆ ಮೂರನೆಯವರೊಬ್ಬರು ಸಹಿ ಹಾಕಿ ದೃಢೀಕರಿಸಿರುತ್ತಾರೆ. ಯಾರ ಸಹಿ ಒಪ್ಪಬೇಕೆಂಬ ಪಟ್ಟಿ ಬ್ರೌಸರಿನೊಳಗೇ ಇರುತ್ತದೆ. ಆ ಪಟ್ಟಿಯಲ್ಲಿ ಒಬ್ಬರಿಗೆ ಜಾಗ ಸಿಕ್ಕರೆ ಅವರು ಜಗತ್ತಿನ ಯಾವ ತಾಣದ ಹೆಸರಿನಲ್ಲೂ ಸಹಿ ಹಾಕಬಲ್ಲರು. ನಡುವೆ ಕುಳಿತು ಓದಲೂಬಲ್ಲರು. ಇದು ಬರೀ ಊಹೆಯಲ್ಲ. 2014ರ ಜುಲೈನಲ್ಲಿ, ಸಿಸಿಎ ಅಡಿಯಲ್ಲಿದ್ದ ನಮ್ಮದೇ ಸರ್ಕಾರಿ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯಿಂದ ಗೂಗಲ್‌ನ ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಯಿತು. ಸಿಸಿಎ ಮರುದಿನವೇ ಅವನ್ನು ರದ್ದುಮಾಡಿತು. ಆಮೇಲೆ ಕ್ರೋಮ್ ಸಿಸಿಎ ಸಹಿಯನ್ನು ಸರ್ಕಾರಿ ಮತ್ತು ಬೆರಳೆಣಿಕೆಯ ಇತರ ವಿಳಾಸಗಳಿಗಷ್ಟೇ ಸೀಮಿತಗೊಳಿಸಿತು. ಮೊಜಿಲ್ಲಾ ಪಟ್ಟಿಯಲ್ಲಿ ಆ ಸಹಿ ಇರಲೇ ಇಲ್ಲವಾದ್ದರಿಂದ ಫೈರ್‌ಫಾಕ್ಸ್ ಬಳಸುತ್ತಿದ್ದವರಿಗೆ ಏನೂ ಆಗಲಿಲ್ಲ. 2019ರಲ್ಲಿ ಕಜಕಿಸ್ತಾನದ ಸರ್ಕಾರ ತನ್ನ ಪ್ರಮಾಣಪತ್ರವನ್ನು ಪ್ರಜೆಗಳ ತಲೆಗೆ ಕಟ್ಟಲು ಹೊರಟಾಗ ಗೂಗಲ್, ಆಪಲ್, ಮೊಜಿಲ್ಲಾ ಮೂರೂ ಸೇರಿ ಅದನ್ನು ತಡೆದವು.

ಎದುರುವಾದದಲ್ಲಿ ಹುರುಳಿಲ್ಲವೆನ್ನಲಾರೆ. ಉಕ್ರೇನ್ ಯುದ್ಧದ ನಂತರ 2022ರಲ್ಲಿ ರಷ್ಯದ ತಾಣಗಳು ವಿದೇಶಿ ಸಹಿಗಳನ್ನು ಕಳೆದುಕೊಂಡು ಪರದಾಡಿದವು. ಅಂಥ ದಿನ ನಮಗೂ ಬಂದರೆ ಎಂಬ ಆತಂಕ ಸಹಜ. ಹಾಗಿದ್ದರೆ ಸಿಸಿಎ ಸಹಿಗೆ ಸರ್ಕಾರಿ ವಿಳಾಸಗಳ ಮಿತಿ ಹಾಕಿ, ಕೊಟ್ಟ ಪ್ರತಿ ಪ್ರಮಾಣಪತ್ರವನ್ನೂ ಯಾರು ಬೇಕಾದರೂ ನೋಡಬಹುದಾದ ದಾಖಲೆಯಲ್ಲಿ ಬರೆಯಲಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಸಾರಿದ್ದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಆ ಮೊಕದ್ದಮೆಯ ಎದುರುವಾದಿ ಭಾರತ ಸರ್ಕಾರವೇ ಆಗಿತ್ತು ಎಂಬುದು ಸ್ವದೇಶಿ ಬ್ರೌಸರಿನ ಚರ್ಚೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಉಳಿದದ್ದು ಫೈರ್‌ಫಾಕ್ಸ್. ನಾನು ಬಳಸುವುದು ಅದನ್ನೇ, ಹಾಗಾಗಿ ಅದರ ಮೇಲೆ ಹೆಚ್ಚು ಕಠಿಣವಾಗಬೇಕು. 2004ರ ನವೆಂಬರಿನಲ್ಲಿ ಮೊದಲ ಆವೃತ್ತಿ ಬಂದಾಗ ಸಾವಿರಾರು ಜನ ಚಂದಾ ಎತ್ತಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಜಾಹೀರಾತು ಹಾಕಿಸಿದ್ದರು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಏಕಚಕ್ರಾಧಿಪತ್ಯವನ್ನು ಅಲುಗಿಸಿದ್ದು ಆ ಹುಮ್ಮಸ್ಸು. ಒಂದು ಹಂತದಲ್ಲಿ ಜಗತ್ತಿನ ಬಳಕೆದಾರರಲ್ಲಿ ಶೇ. 30ರ ಹತ್ತಿರ ಅದರ ಪಾಲಿತ್ತು, ಈಗ ಬೆರಳೆಣಿಕೆ. ಅನ್ನ ಹಾಕುವವರು ಯಾರು ಎಂದರೆ ಉತ್ತರ ಮುಜುಗರದ್ದು: ಮೊಜಿಲ್ಲಾದ ಆದಾಯದ ಬಹುಪಾಲು ಗೂಗಲ್‌ನಿಂದ, ವಿಳಾಸದ ಪಟ್ಟಿಯಲ್ಲಿ ಅದರ ಹುಡುಕಾಟವನ್ನು ಮೊದಲಿಟ್ಟದ್ದಕ್ಕೆ ಬರುವ ಬಾಡಿಗೆ. ಗೂಗಲ್ ಏಕಸ್ವಾಮ್ಯ ಸಾಧಿಸಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರಲ್ಲಿ ತೀರ್ಪಿತ್ತಾಗ ಆ ಬಾಡಿಗೆ ನಿಂತೀತೆಂದು ಅತ್ಯಂತ ಹೆದರಿದವರಲ್ಲಿ ಮೊಜಿಲ್ಲಾವೂ ಒಂದು. 2025ರ ಸೆಪ್ಟೆಂಬರಿನ ಆದೇಶದಲ್ಲಿ ಆತ ಪಾವತಿಯನ್ನು ಉಳಿಸಿದರು. ಅದನ್ನು ಬೇರೆಯವರಿಗೆ ಬಾಗಿಲು ಮುಚ್ಚುವ ಕರಾರಿಗೆ ಬಳಸಬಾರದೆಂದರು.

ಮಾತಿಗೂ ಆದಾಯಕ್ಕೂ ಜಗಳ ಬಿದ್ದ ದಿನಗಳು ಇಲ್ಲೂ ಇವೆ. 2024ರ ಜುಲೈನಲ್ಲಿ ಜಾಹೀರಾತಿನ ಫಲ ಅಳೆಯುವ ಸೌಲಭ್ಯವೊಂದನ್ನು ಕೇಳದೆಯೇ ಆನ್ ಮಾಡಿ ಕೊಟ್ಟಿತು. ಬಳಕೆದಾರರ ಗುರುತು ಹೊರಬೀಳದ ಗಣಿತ ಅದರಲ್ಲಿತ್ತು, ಕೇಳುವ ಸೌಜನ್ಯ ಇರಲಿಲ್ಲ. 2025ರ ಫೆಬ್ರವರಿಯಲ್ಲಿ ಹೊಸ ಷರತ್ತುಗಳನ್ನು ಪ್ರಕಟಿಸಿ, ನಿಮ್ಮ ಮಾಹಿತಿ ಎಂದೂ ಮಾರೆವು ಎಂಬ ಹಳೆಯ ವಾಗ್ದಾನವನ್ನು ಪುಟದಿಂದ ತೆಗೆಯಿತು. ಜನ ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಷರತ್ತಿನ ಭಾಷೆ ತಿದ್ದಿತು. ವಾಗ್ದಾನ ಮಾತ್ರ ಮೊದಲಿನ ರೂಪದಲ್ಲಿ ಮರಳಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಅದನ್ನೇ ಏಕೆ ಆರಿಸುತ್ತೇನೆ? ಬ್ರೇವ್, ಎಡ್ಜ್, ಉಲಾ, ಈಗಿನ ಒಪೆರಾ, ಎಲ್ಲದರ ಒಡಲಲ್ಲೂ ಗೂಗಲ್ ಬರೆದ ಎಂಜಿನ್ ಇದೆ. ಆಪಲ್ ಪರಿವಾರದ ಹೊರಗೆ, ದಿನಬಳಕೆಗೆ ತಕ್ಕಂತೆ ಪೂರ್ಣವಾಗಿ ಬೆಳೆದ ಬೇರೆ ಎಂಜಿನ್ ಫೈರ್‌ಫಾಕ್ಸಿನದೊಂದೇ. ಅದರ ಬೆಲೆ ಈಚೆಗೆ ಎದ್ದು ಕಂಡಿತು. ಕ್ರೋಮ್ ತನ್ನ ಎಕ್ಸ್‌ಟೆನ್ಷನ್‌ಗಳ ನಿಯಮ ಬದಲಿಸಿದಾಗ, ರೇಮಂಡ್ ಹಿಲ್ ಬರೆದ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ಸೊಗಸಾದ ಸಾಧನ ಅಲ್ಲಿಂದ ಎತ್ತಂಗಡಿಯಾಯಿತು. ಫೈರ್‌ಫಾಕ್ಸಿನಲ್ಲಿ ಅದು ಹಾಗೇ ಇದೆ, ಆಂಡ್ರಾಯ್ಡ್ ಫೋನಿನಲ್ಲೂ ಓಡುತ್ತದೆ. ಇದನ್ನು ಹಾಕಿಕೊಂಡು, ಸೆಟ್ಟಿಂಗಿನಲ್ಲಿ ಪ್ರಾಯೋಜಿತ ಕೊಂಡಿಗಳನ್ನೂ ಮೊಜಿಲ್ಲಾಗೆ ಹೋಗುವ ವರದಿಯನ್ನೂ ಆಫ್ ಮಾಡಿದರೆ ಅರ್ಧ ಜಗಳ ಮುಗಿಯಿತು. ಹಾಗೆ ಆಫ್ ಮಾಡಬೇಕಾಗಿ ಬರುವುದಕ್ಕೆ ಅಂಕ ಕಳೆಯಲೇಬೇಕು.

ಉಳಿದರ್ಧ ಯಾವ ಬ್ರೌಸರಿನ ಕೈಯಲ್ಲೂ ಪೂರ್ತಿ ಇಲ್ಲ. ಕುಕೀ ಇಲ್ಲದೆಯೂ ಪರದೆಯ ಅಳತೆ, ಭಾಷೆ, ಫಾಂಟುಗಳ ಪಟ್ಟಿ ಕೂಡಿಸಿ ಗುರುತು ಹಿಡಿಯಬಹುದು. ಅಮೆರಿಕದ ಇಎಫ್‌ಎಫ್ ಸಂಸ್ಥೆಯ ಪೀಟರ್ ಎಕರ್ಸ್ಲಿ 2010ರಲ್ಲಿ 4.7 ಲಕ್ಷ ಬ್ರೌಸರುಗಳನ್ನು ಪರೀಕ್ಷಿಸಿದಾಗ ಶೇ. 83.6ರಷ್ಟು ಒಂದರಂತೆ ಒಂದಿರಲಿಲ್ಲ. ನುಡಿ, ಬರಹ ತಂತ್ರಾಂಶಗಳ ಫಾಂಟುಗಳನ್ನು ಅಳವಡಿಸಿಕೊಂಡು ಕನ್ನಡದಲ್ಲೇ ಬ್ರೌಸರ್ ಬಳಸುವವರು ಈ ಲೆಕ್ಕದಲ್ಲಿ ಗುಂಪಿನಿಂದ ಎದ್ದು ಕಾಣುತ್ತಾರೆ: ಪ್ರತಿ ತಾಣಕ್ಕೂ ಬ್ರೌಸರ್, ಇವರಿಗೆ ಕನ್ನಡ ಪುಟ ಬೇಕಂತೆ ಎಂದು ಹೇಳಿಯೇ ಒಳಹೋಗುತ್ತದೆ. ಅನಾಮಿಕತೆಗೆಂದೇ ಕಟ್ಟಿದ ಟಾರ್ ಬ್ರೌಸರ್ ಬೇರೆ ಭಾಷೆಯವರನ್ನು, ನಿಮ್ಮ ಪರವಾಗಿ ಇಂಗ್ಲಿಷ್ ಪುಟ ಕೇಳಲೇ ಎಂದು ವಿಚಾರಿಸುವುದು ಇದಕ್ಕೇ. ಅದಕ್ಕಾಗಿ ಕನ್ನಡ ಬಿಡಿ ಎಂದು ನಾನಂತೂ ಹೇಳಲಾರೆ. ಕನ್ನಡದಲ್ಲಿ ಬಳಸುವವರು ಹೆಚ್ಚಿದಷ್ಟೂ ಒಬ್ಬೊಬ್ಬರನ್ನು ಹೆಕ್ಕುವುದು ಕಷ್ಟವಾಗುತ್ತದೆ, ಲೆಕ್ಕ ಅಷ್ಟು ಸರಳ.

ಫೋನಿನಲ್ಲಂತೂ ನೀವು ಆರಿಸಿದ ಬ್ರೌಸರ್ ಎಷ್ಟೋ ಸಲ ತೆರೆಯುವುದೇ ಇಲ್ಲ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿ ಕೊಂಡಿ ಒತ್ತಿದರೆ ಅವುಗಳ ಹೊಟ್ಟೆಯೊಳಗಿನ ಬ್ರೌಸರಿನಲ್ಲೇ ಪುಟ ಬಿಚ್ಚಿಕೊಳ್ಳುತ್ತದೆ. ಅಲ್ಲಿ ತೆರೆದ ಪುಟದೊಳಗೆ ಆ್ಯಪ್ ತನ್ನದೇ ಜಾವಾಸ್ಕ್ರಿಪ್ಟ್ ಸೇರಿಸುತ್ತದೆಂದು ಫೆಲಿಕ್ಸ್ ಕ್ರೌಸ ಎಂಬ ತಂತ್ರಜ್ಞ 2022ರ ಆಗಸ್ಟಿನಲ್ಲಿ ತೋರಿಸಿಕೊಟ್ಟರು. ಮೂಲೆಯ ಮೂರು ಚುಕ್ಕಿ ಒತ್ತಿದರೆ, ಹೊರಗಿನ ಬ್ರೌಸರಿನಲ್ಲಿ ತೆರೆಯಿರಿ ಎಂಬ ಆಯ್ಕೆ ಸಿಗುತ್ತದೆ. ಪಾಸ್‌ವರ್ಡನ್ನೋ ಕಾರ್ಡಿನ ಸಂಖ್ಯೆಯನ್ನೋ ಟೈಪಿಸುವುದಿದ್ದರೆ ಅದಕ್ಕೆ ಮೊದಲೇ ಒತ್ತಿಕೊಳ್ಳಿ.