ತೊಗಲು ತೊಳೆಯುವ ಕೈ, ತೊಗಲು ಬಾರಿಸುವ ಕೈ

ನಮ್ಮ ದಲಿತ ವಿಮರ್ಶೆಗೆ ಕಣ್ಣು ಚುರುಕಾಗಿದೆ, ಕಿವಿ ಮಾತ್ರ ಮಂದ ಅಂತ ನನಗೆ ಬಹಳ ದಿನದಿಂದ ಅನ್ನಿಸಿದೆ. ಕಾವ್ಯ ಓದಿದ್ದೇವೆ, ಕಾದಂಬರಿ ಓದಿದ್ದೇವೆ, ಆತ್ಮಕತೆಗಳ ಬಗ್ಗೆ ಜಗಳಾಡಿದ್ದೇವೆ, ಗ್ರಾಮದೇವತೆಗಳ ಜಾತಕ ಬಿಡಿಸಿದ್ದೇವೆ. ನಮ್ಮ ಹೆಣ್ಣುಮಕ್ಕಳ ಹಾಡಿನ ವಿಷಯ ಬಂದಾಗ ಮಾತ್ರ ಹಾಡನ್ನು ಪುಸ್ತಕಕ್ಕಿಳಿಸಿ, ಅದನ್ನು ಪಠ್ಯ ಅಂತ ಕರೆದು, ಪಠ್ಯದೊಳಗಿನ ನೋವು, ಪ್ರತಿಭಟನೆ, ದೇಸಿ ಸಂವೇದನೆಗಳನ್ನು ಹೆಕ್ಕಿ ತೆಗೆದು ಕೈ ತೊಳೆದುಕೊಳ್ಳುತ್ತೇವೆ. ಸಂಗ್ರಹಕಾರರ ಮುನ್ನುಡಿಯಲ್ಲಿ ವಾದ್ಯದ ಬಗ್ಗೆ ಒಂದು ಸಾಲು ಇದ್ದರೆ ಹೆಚ್ಚು. ದರೋಜಿ ಈರಮ್ಮ 2014ರಲ್ಲಿ ತೀರಿಕೊಂಡರು. ಓದು ಬರಹ ತಿಳಿಯದ, ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದ ಈ ಹೆಣ್ಣುಮಗಳ ಕಂಠದಲ್ಲಿದ್ದ ಹಾಡ್ಗತೆಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು, ಅದು ದೊಡ್ಡ ಕೆಲಸ. ಆದರೆ ಅವರ ಬಗ್ಗೆ ನಾನು ಓದಿದ ಬರಹಗಳೆಲ್ಲ ನೆನಪಿನ ಶಕ್ತಿಯನ್ನು ಹೊಗಳುತ್ತವೆ, ಪುಟ ಎಣಿಸುತ್ತವೆ. ಬುರ್ರಕಥಾ ಎಂಬ ಹೆಸರಲ್ಲೇ ವಾದ್ಯ ಕೂತಿದೆಯಲ್ಲಾ, ಅದರ ಕಡೆ ಯಾರೂ ತಿರುಗಲಿಲ್ಲ.

ಏನಪ್ಪಾ ಅಂಥಾ ದೊಡ್ಡ ವಿಷಯ, ಹಾಡಿದ್ದರೆ ಸಾಕಲ್ವಾ ಅಂತ ಗೆಳೆಯರು ಕೇಳಬಹುದು. ಸಾಕಾಗಲ್ಲ. ಹಾಡುವುದನ್ನು ಹೆಣ್ಣಿಗೆ ಯಾವ ಜಾತಿಯೂ ಪೂರ್ತಿ ನಿಷೇಧಿಸಿಲ್ಲ. ಬೀಸುವಾಗ ಹಾಡು, ನಾಟಿ ಮಾಡುವಾಗ ಹಾಡು, ತೊಟ್ಟಿಲು ತೂಗುವಾಗ ಹಾಡು, ಸೋಬಾನೆ ಹಾಡು, ಸತ್ತವರ ಮುಂದೆ ಕೂತು ಹಾಡಾಡಿಕೊಂಡು ಅಳು. ಕೆಲಸಕ್ಕೂ ಶಾಸ್ತ್ರಕ್ಕೂ ಅಂಟಿಕೊಂಡಿರೋ ತನಕ ದನಿಗೆ ಅಡ್ಡಿಯಿಲ್ಲ. ವಾದ್ಯ ಕೈಗೆ ಬಂದ ಕೂಡಲೇ ಲೆಕ್ಕ ಬೇರೆ ಆಗುತ್ತದೆ. ವಾದ್ಯ ಹಿಡಿದವಳು ಕೆಲಸ ಬಿಟ್ಟು ನಿಲ್ಲಬೇಕು, ನಾಲ್ಕು ಜನರ ಮುಂದೆ ನಿಲ್ಲಬೇಕು, ತಾಳ ತನ್ನದು ಅನ್ನಬೇಕು. ಅದರಲ್ಲೂ ತೊಗಲಿನ ವಾದ್ಯ! ಅಲ್ಲಿ ಜಾತಿಯ ಮೈಲಿಗೆ ಮತ್ತು ಹೆಣ್ಣಿನ ಮುಟ್ಟಿನ ಮೈಲಿಗೆ ಎರಡೂ ಒಂದೇ ಚರ್ಮದ ಮೇಲೆ ಬಂದು ಕೂರುತ್ತವೆ.

ಮೊದಲು ಸಭೆಯ ಸಂಗೀತ ನೋಡೋಣ. ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ತೊಗಲೂ ಬೇಕು. ತಂಜಾವೂರು, ಮದರಾಸುಗಳಲ್ಲಿ ಈ ಕೆಲಸ ಮಾಡುತ್ತ ಬಂದವರಲ್ಲಿ ದಲಿತ ಕ್ರೈಸ್ತ ಕುಟುಂಬಗಳು ಬಹಳ. ಚರ್ಮ ಆರಿಸಿ, ಹದ ಮಾಡಿ, ಕಿವಿಯಿಂದಲೇ ಶ್ರುತಿ ಹಿಡಿದು ಕರಣೆ ಹಾಕುವವರು ಇವರು. ವೇದಿಕೆ ಮೇಲೆ ಕೂತು ಬಾರಿಸುವವರು ಬೇರೆಯವರು. ಗಾಯಕ ಟಿ.ಎಂ. ಕೃಷ್ಣ ಈ ಕುಶಲಕರ್ಮಿಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. 2020ರಲ್ಲಿ ಅದರ ಬಿಡುಗಡೆಗೆ ಮೊದಲು ಸಭಾಂಗಣ ಕೊಟ್ಟಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಅನುಮತಿ ವಾಪಸ್ ಪಡೆಯಿತು. ತೊಗಲು ಒಳಗೆ ಬರಬಹುದು, ತೊಗಲಿನ ಕತೆ ಬರಬಾರದು ಅಂತಾಯಿತು. ಇನ್ನು ಹೆಣ್ಣು? ಪುದುಕ್ಕೋಟೆಯ ರಂಗನಾಯಕಿ ಅಮ್ಮಾಳ್ ಅವರಂಥ ಒಬ್ಬಿಬ್ಬರು ಮೃದಂಗ ನುಡಿಸಿದ್ದನ್ನು ಬಿಟ್ಟರೆ ಆ ಕಾಲದಲ್ಲಿ ಹೆಣ್ಣಿಗೆ ಕೊಟ್ಟ ಜಾಗ ಹಾಡಿನದು, ವೀಣೆಯದು, ಪಿಟೀಲಿನದು. ನಮ್ಮ ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ನುಡಿಸುವುದು ಘಟ. ಅದಕ್ಕೆ ತೊಗಲೇ ಇಲ್ಲ, ಬರೀ ಮಣ್ಣು. ಆದರೂ ಪಕ್ಕದಲ್ಲಿ ಕೂರಲೊಲ್ಲದ ಮೃದಂಗದ ಗಂಡಸರನ್ನು ಅವರು ಎದುರಿಸಬೇಕಾಯಿತು. ಕೊನೆಗೆ 1995ರಲ್ಲಿ ಹೆಂಗಸರದೇ ಒಂದು ತಾಳವಾದ್ಯ ತಂಡ ಕಟ್ಟಿಕೊಂಡರು.

ಇಷ್ಟು ಹೇಳಿದರೆ ನಮ್ಮ ಸಭೆಗಳಲ್ಲಿ ಜೋರು ಚಪ್ಪಾಳೆ ಬೀಳುತ್ತದೆ. ಪುರೋಹಿತಶಾಹಿ ಸಿಕ್ಕಿಬಿತ್ತಲ್ಲ! ಈಗ ಕೇರಿಗೆ ಬರೋಣ.

ನಮ್ಮ ಕಡೆ ಹಲಿಗಿ ಅಂತೇವೆ, ಹಳೇ ಮೈಸೂರಿನವರು ತಮಟೆ ಅಂತಾರೆ. ಹೆಣ ಹೊತ್ತಾಗ, ದೇವರು ಹೊತ್ತಾಗ, ಡಂಗುರ ಸಾರುವಾಗ ಹಲಿಗಿ ಬೇಕು. ಬಾರಿಸುವವನು ಮಾದಿಗರವನು. ಹಲಿಗಿಗೆ ಚರ್ಮ ಎಲ್ಲಿಂದ ಬರುತ್ತಿತ್ತು? ಸತ್ತ ದನ ಹೊತ್ತು ತಂದವರು ಗಂಡಸರು ಸರಿ. ಸುಣ್ಣದ ಗುಂಡಿಗೆ ನೀರು ಹೊತ್ತವರು, ತಂಗಡಿ ತೊಗಟೆ ಕಡಿದು ಕುಟ್ಟಿದವರು, ಕೂದಲು ಹೆರೆದು ತೊಳೆದವರಲ್ಲಿ ನಮ್ಮ ಅವ್ವಂದಿರು, ಅಜ್ಜಿಯರು ಇದ್ದರು. ಆ ನಾತ ನಮ್ಮ ಅಜ್ಜಿಯ ಕೈಯಿಂದ ಸಾಯುವ ತನಕ ಹೋಗಿರಲಿಲ್ಲ. ಅದೇ ಚರ್ಮ ಬಳೆಗೆ ಏರಿ, ಬೆಂಕಿಗೆ ಕಾಯಿಸಿ ದನಿ ಹೊರಟ ಗಳಿಗೆಯಿಂದ ಹೆಂಗಸಿನ ಕೈ ಅದಕ್ಕೆ ತಾಗಬಾರದು. ಯಾಕೆ ಅಂತ ನಾನು ಕೇಳಿದಾಗ ಒಬ್ಬರು ದೇವರ ಹಲಿಗಿ ಮುಟ್ಟಾದವರು ಮುಟ್ಟಬಾರದು ಅಂದರು, ಇನ್ನೊಬ್ಬರು ಹೆಣದ ಮುಂದೆ ಹೆಂಗಸು ನಡೆಯೋದುಂಟೇನು ಅಂದರು. ಮೂರನೆಯವರು ನಕ್ಕು ಸುಮ್ಮನಾದರು, ಅದೇ ಪ್ರಾಮಾಣಿಕ ಉತ್ತರ ಅಂತ ನನಗೆ ಈಗಲೂ ಅನ್ನಿಸುತ್ತದೆ.

ತಂಜಾವೂರಿನ ಲೆಕ್ಕವೂ ನಮ್ಮ ಕೇರಿಯ ಲೆಕ್ಕವೂ ಒಂದರ ಮೇಲೊಂದು ಇಟ್ಟ ಹಾಗೆ ಕೂರುತ್ತವೆ. ಅಲ್ಲಿ ಹದ ಮಾಡುವವನು ದಲಿತ, ಬಾರಿಸುವವನು ಮೇಲ್ಜಾತಿಯವನು. ಇಲ್ಲಿ ಹದ ಮಾಡುವುದರಲ್ಲಿ ಹೆಣ್ಣು, ಬಾರಿಸುವುದರಲ್ಲಿ ಗಂಡು. ಮೇಲಿನ ಮೆಟ್ಟಿಲಲ್ಲಿ ನಮಗೆ ಮಾಡಿದ್ದನ್ನು ನಾವು ಕೆಳಗಿನ ಮೆಟ್ಟಿಲಲ್ಲಿ ನಮ್ಮವರಿಗೇ ಮಾಡಿದೆವು. ಮೊದಲನೆಯದರ ಮೇಲೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶಕರು ಎರಡನೆಯದರ ಮೇಲೆ ಒಂದು ಅಡಿಟಿಪ್ಪಣಿಯನ್ನಾದರೂ ಬರೆದದ್ದು ನನಗೆ ಕಂಡಿಲ್ಲ.

ಹಾಗಾದರೆ ಚೌಡಿಕೆ? ಹೌದು, ಇಲ್ಲೇ ವಿಷಯ ಗಂಟಾಗುವುದು. ಸವದತ್ತಿ ಎಲ್ಲಮ್ಮನ ಜೋಗತಿಯರ ಬಗಲಲ್ಲಿರುವ ಚೌಡಿಕೆ ತೊಗಲಿನ ವಾದ್ಯವೇ. ಪೊಳ್ಳು ಕೊಳಗದಂಥ ಮೈ, ಒಂದು ಬಾಯಿಗೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿಗೆ ಕಟ್ಟಿದ ತಂತಿ. ಮೀಟಿದರೆ ತಂತಿಯ ದನಿ ಚರ್ಮಕ್ಕಿಳಿದು ಗುಂಯ್‌ಗುಡುತ್ತದೆ. ತಂತಿ ಬಿಗಿ ಸಡಿಲ ಮಾಡಿದ ಹಾಗೆ ಅದು ನರಳುತ್ತದೆ, ಗದರುತ್ತದೆ, ಪ್ರಶ್ನೆ ಕೇಳುತ್ತದೆ. ಜೋಗತಿಯರು ಹೇಳುವ ಒಂದು ಕತೆಯಲ್ಲಿ ಪರಶುರಾಮ ಕಾರ್ತವೀರ್ಯನನ್ನು ಕೊಂದು ಅವನ ತಲೆಯಿಂದ, ನರದಿಂದ ಮೊದಲ ಚೌಡಿಕೆ ಮಾಡಿ ಅವ್ವನಿಗೆ ಕೊಟ್ಟ. ಕೊಂದವನ ದೇಹವೇ ವಾದ್ಯ. ಇಂಥ ವಾದ್ಯವನ್ನು ಹಿಡಿದು ಮಂಗಳವಾರ, ಶುಕ್ರವಾರ ಊರೊಳಗಿನ ಮನೆಗಳ ಮುಂದೆಯೂ ನಿಂತು ಹಾಡುವ ಹಕ್ಕು ನಮ್ಮ ಕೇರಿಯ ಹೆಣ್ಣಿಗೆ ಇತ್ತು. ಬರೀ ಹೆಣ್ಣಿಗಲ್ಲ, ಜೋಗಪ್ಪಗಳಿಗೂ ಇತ್ತು. ಆದರೆ ಯಾವ ಹೆಣ್ಣಿಗೆ? ಮುತ್ತು ಕಟ್ಟಿಸಿಕೊಂಡವಳಿಗೆ, ಮನುಷ್ಯರಲ್ಲಿ ಗಂಡ ಇಲ್ಲದವಳಿಗೆ. ದೇವರಿಗೆ ಬಿಟ್ಟ ಮಗಳು ತವರಿನಲ್ಲೇ ಉಳಿದು ಗಂಡುಮಗನ ಹಾಗೆ ಮನೆತನ ನಡೆಸುತ್ತಿದ್ದಳು, ಆಸ್ತಿಗೂ ಬಾಧ್ಯಳಾಗುತ್ತಿದ್ದಳು ಎಂಬುದು ಎಲ್ಲರಿಗೂ ಗೊತ್ತಿರುವುದೇ. ಅಂದರೆ ಹೆಣ್ಣು ತೊಗಲು ಬಾರಿಸಬೇಕಾದರೆ ಮೊದಲು ಗಂಡುಮಗನ ಜಾಗಕ್ಕೆ ಬರಬೇಕು, ಅದಕ್ಕೆ ತನ್ನ ಮೈಯನ್ನೇ ಸುಂಕ ಕಟ್ಟಬೇಕು. ಆ ಸುಂಕದ ಫಾಯಿದೆ ಯಾರು ಯಾರು ಉಂಡರು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಗೌಡರ ವಾಡೆಗಳಿಗೂ ಗೊತ್ತು, ಬೊಂಬಾಯಿಯ ಓಣಿಗಳಿಗೂ ಗೊತ್ತು.

ಮುತ್ತು ಕಟ್ಟುವುದು ನಿಲ್ಲಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. 1986ರ ಚಂದ್ರಗುತ್ತಿಯ ಗಲಾಟೆಯ ನಂತರ ಬೆತ್ತಲೆ ಸೇವೆಯಲ್ಲಿ ಸಂಸ್ಕೃತಿ ಹುಡುಕಿದ ಬುದ್ಧಿಜೀವಿಗಳ ಪಂಕ್ತಿಯಲ್ಲಿ ಕೂರುವ ಆಸೆ ನನಗಿಲ್ಲ. ಬಾಬಾಸಾಹೇಬರು 1936ರಲ್ಲಿ ಕಾಮಾಟಿಪುರದ ಹೆಣ್ಣುಮಕ್ಕಳಿಗೆ, ಅವರಲ್ಲಿ ದೇವದಾಸಿಯರೂ ಜೋಗಿಣಿಯರೂ ಇದ್ದರು, ಈ ಬಾಳನ್ನು ಬಿಟ್ಟು ಬನ್ನಿ ಅಂದಾಗ ಅದರ ಕಷ್ಟ ತಿಳಿದೇ ಅಂದಿದ್ದರು. ಕರ್ನಾಟಕದ 1982ರ ಕಾಯ್ದೆ ದೇವರಿಗೆ ಬಿಡುವುದನ್ನು ಅಪರಾಧ ಮಾಡಿತು, ಬಿಟ್ಟವರು ತಂದೆತಾಯಿಗಳೇ ಆದರೆ ಶಿಕ್ಷೆ ಇನ್ನೂ ಹೆಚ್ಚು ಅಂತಲೂ ಹೇಳಿತು. ಅದು ಶಿಕ್ಷೆ ಹೇಳಿದ್ದು ಅರ್ಪಣೆಗೆ, ಚೌಡಿಕೆಗಲ್ಲ. ಚೌಡಿಕೆಯನ್ನು ನಿಷೇಧಿಸಿದವರು ನಾವು. ಮುತ್ತು ಕಿತ್ತು ಹಾಕಿ, ಜಗ ಹೊಳೆಗೆ ಬಿಡಿ, ಚೌಡಿಕೆ ಒಳಗಿಡಿ, ಹೊರಗೆ ತೆಗೆದರೆ ದಂಡ ಅಂತ ಎಷ್ಟೋ ಕೇರಿಗಳಲ್ಲಿ ಪಂಚರು ಕೂತು ತೀರ್ಮಾನ ಮಾಡಿದರು. ಕೂತವರೆಲ್ಲ ಗಂಡಸರು. ಮರ್ಯಾದೆಯ ಪ್ರಶ್ನೆ ಅದು ಅಂತ ನನಗೂ ಅರ್ಥವಾಗುತ್ತದೆ. ಊರವರು ಚೌಡಿಕೆ ಕಂಡ ಕೂಡಲೇ ನಮ್ಮ ಅಕ್ಕತಂಗಿಯರ ಮೇಲೆ ಕಣ್ಣು ಹಾಕುತ್ತಿದ್ದರು. ಕಣ್ಣು ಹಾಕಿದವನಿಗೆ ದಂಡ ಬೀಳಲಿಲ್ಲ ಅನ್ನೋದು ಬೇರೆ ಮಾತು.

ಇದೇ ಕಾಲದಲ್ಲಿ ಹಲಿಗಿಯ ಕತೆ ಏನಾಯಿತು ನೋಡಿ. ಹೆಣದ ಮುಂದೆ ಬಾರಿಸಲ್ಲ ಅಂತ ನಮ್ಮ ಹುಡುಗರು ಅದನ್ನೂ ಕೆಳಗಿಟ್ಟರು, ಹೊಡೆತ ತಿಂದರು, ಬಹಿಷ್ಕಾರ ಉಂಡರು. ಅವಮಾನದ ಜೊತೆ ನೆನಪನ್ನೂ ಎಸೆದುಬಿಟ್ಟರೆ ಹೇಗೆ ಎಂಬ ತಕರಾರನ್ನು ಡಿ.ಆರ್. ನಾಗರಾಜ್ 1993ರ 'ದಿ ಫ್ಲೇಮಿಂಗ್ ಫೀಟ್'ನಲ್ಲಿ ಎತ್ತಿದರು. ಆದರೆ ಹಲಿಗಿ ವಾಪಸ್ ಬಂತು. ಜಾಥಾದಲ್ಲಿ ಬಂತು, ಬೀದಿ ನಾಟಕದಲ್ಲಿ ಬಂತು, ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಬಂತು. 2023ರಲ್ಲಿ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಕುಣಿದೆವು. ಗಂಡಸಿನ ವಾದ್ಯಕ್ಕೆ ಅವಮಾನ ತೊಳೆದುಕೊಂಡು ಹೋರಾಟದ ವಾದ್ಯವಾಗುವ ದಾರಿ ಸಿಕ್ಕಿತು. ಹೆಂಗಸಿನ ವಾದ್ಯಕ್ಕೆ ಆ ದಾರಿ ಯಾಕೆ ಸಿಗಲಿಲ್ಲ? ನಾನು ಕಂಡ ಜಾಥಾಗಳಲ್ಲಿ ತಮಟೆ ಗಂಡಸರ ಸೊಂಟದಲ್ಲಿತ್ತು, ನಾವು ಹಿಂದೆ ನಿಂತು ಸೊಲ್ಲು ಹಿಡಿಯುತ್ತಿದ್ದೆವು. ಹೋರಾಟದ ಹಾಡಿನಲ್ಲೂ ನಮಗೆ ಸಿಕ್ಕಿದ್ದು ಸೋಬಾನೆಯ ಜಾಗವೇ.

ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರಲ್ಲ, 2021ರಲ್ಲಿ ಪದ್ಮಶ್ರೀ ಬಂತಲ್ಲ ಅಂತ ಯಾರಾದರೂ ನೆನಪಿಸಬಹುದು. ಅದು ನ್ಯಾಯವಾದ ಗೌರವ, ಮಂಗಳಮುಖಿಯರ ಪಾಲಿಗಂತೂ ದೊಡ್ಡದು. ಆದರೆ ಜೋಗತಿ ಕಲೆಗೆ ವೇದಿಕೆ ಸಿಕ್ಕಿದ ಮೇಲೂ ಮುತ್ತು ಕಟ್ಟಿಸಿಕೊಂಡ ಕೇರಿಯ ಮುದುಕಿಯ ಚೌಡಿಕೆ ನಾಗೊಂದಿಗೆಯ ಮೇಲೇ ಇದೆ. ಅದನ್ನು ಇಳಿಸೋಕೆ ಅವಳ ಮಕ್ಕಳೇ ಬಿಡುವುದಿಲ್ಲ.

ಇಲ್ಲೊಂದು ಹೋಲಿಕೆ ಬೇಕು, ಎಚ್ಚರದಿಂದ. ಗುಡಿಯ, ಅರಮನೆಯ ದೇವದಾಸಿಯರೂ ಎಲ್ಲಮ್ಮನ ಜೋಗತಿಯರೂ ಒಂದೇ ಅಂತ ಬರೆಯುವವರಿದ್ದಾರೆ, ಅದು ತಪ್ಪು. ಜಾತಿ ಬೇರೆ, ಆಸ್ತಿ ಬೇರೆ, ಸಂಗೀತ ಬೇರೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ದೇವದಾಸಿ ಮನೆತನದವರು. ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡಬಾರದು ಅಂತ ಗಂಡಸರ ಎರಡೂ ಬಣ ಹೇಳುತ್ತಿದ್ದಾಗ, 1920ರ ದಶಕದಲ್ಲಿ ಸ್ವಂತ ದುಡ್ಡಿನಿಂದ ಅಲ್ಲಿ ಸಮಾಧಿ ಮಂದಿರ ಕಟ್ಟಿಸಿ, ಅದರ ಹಿಂಬದಿಯಲ್ಲಿ ಹೆಂಗಸರದೇ ಆರಾಧನೆ ನಡೆಸಿದ ಗಟ್ಟಿಗಿತ್ತಿ. ಇತ್ತ ಅರ್ಪಣೆ ನಿಷೇಧವಾಗುತ್ತ ಹೋದ ಹಾಗೆ ಅತ್ತ ದೇವದಾಸಿಯರ ಸಂಗೀತ ಬ್ರಾಹ್ಮಣ ಮನೆಗಳ ಹೆಣ್ಣುಮಕ್ಕಳ ಕಂಠಕ್ಕೆ ಬಂದು ಗೌರವಸ್ಥವಾಯಿತು. ಹಳೆಯ ಮನೆತನದವರಲ್ಲಿ ಬಹಳ ಮಂದಿ ಮರೆಗೆ ಸರಿದರು. ಕ್ರೂರವಾದ ಕೈಬದಲು ಅದು. ಆದರೂ ಆ ಕಲೆಗೆ ಕೈ ಬದಲಾಯಿಸಲು ಇನ್ನೊಂದು ಕೈ ಇತ್ತು. ಚೌಡಿಕೆಗೆ ಆ ಇನ್ನೊಂದು ಕೈ ಇಲ್ಲ. ಮೇಲ್ಜಾತಿಯವರಿಗೆ ಅದು ಬೇಡ, ಕೇರಿಗೆ ಅದು ನಾಚಿಕೆ. ವಿಶ್ವವಿದ್ಯಾಲಯದ ಟೇಪಿನಲ್ಲಿ ಒಂದಷ್ಟು, ಸರ್ಕಾರಿ ಉತ್ಸವದ ಹತ್ತು ನಿಮಿಷದಲ್ಲಿ ಒಂದಷ್ಟು, ಅಲ್ಲಿಗೆ ಮುಗಿಯಿತು.

ದಾರಿ ಇಲ್ಲವೇ ಇಲ್ಲ ಅಂತಲ್ಲ. ತಮಿಳುನಾಡಿನ ದಿಂಡಿಗಲ್‌ನಲ್ಲಿ 1990ರಲ್ಲಿ ಶುರುವಾದ ಶಕ್ತಿ ತಂಡದಲ್ಲಿ ದಲಿತ ಹುಡುಗಿಯರು ಪರೈ ಹಿಡಿದರು, ಸೊಂಟ ಬಗ್ಗಿಸಿ ಕುಣಿಯುತ್ತ ಬಾರಿಸಿದರು. ಬಿಹಾರದ ದಾನಾಪುರದ ಬಳಿಯ ಧೀಬ್ರಾದಲ್ಲಿ ದಲಿತ ಹೆಂಗಸರು ಬ್ಯಾಂಡ್ ಕಟ್ಟಿ ಮದುವೆಗಳಿಗೆ ಡ್ರಮ್ ಬಾರಿಸಿ ದುಡಿದರು. ಮೊದಮೊದಲು ಅವರವರ ಗಂಡಂದಿರೇ ನಕ್ಕರಂತೆ. ಅವರಾರೂ ವಾದ್ಯಕ್ಕಾಗಿ ಮದುವೆ ಬಿಡಬೇಕಾಗಲಿಲ್ಲ. ಮುತ್ತಿಲ್ಲದ ಚೌಡಿಕೆ ಸಾಧ್ಯ ಅನ್ನುವುದಕ್ಕೆ ನನಗೆ ಇಷ್ಟು ಪುರಾವೆ ಸಾಕು. ನಮ್ಮ ವಿಮರ್ಶೆ ಅದಕ್ಕೆ ಬೇಕಾದ ಮಾತನ್ನು ಇನ್ನೂ ಕಟ್ಟಿಲ್ಲ. ಅವ್ವನ ಹಾಡನ್ನು ಓದುವಾಗ ಅವಳ ಬಗಲಲ್ಲಿ ಏನಿತ್ತು, ಅದನ್ನು ಹಿಡಿಯಲು ಏನು ತೆತ್ತಳು, ಅದನ್ನು ಕಿತ್ತಿಟ್ಟವರು ಯಾರು ಅಂತ ಕೇಳದ ಓದು ನನಗಂತೂ ಅರೆ ಓದು.

ಹೋದ ವರ್ಷ ಒಬ್ಬ ಡಿಗ್ರಿ ಹುಡುಗಿ ಕಾಲೇಜಿನ ಯುವಜನೋತ್ಸವದಲ್ಲಿ ಅಜ್ಜಿಯ ಚೌಡಿಕೆ ಬಾರಿಸಬೇಕು ಅಂತ ನನ್ನ ಹತ್ತಿರ ಬಂದಿದ್ದಳು. ಅವಳ ಅವ್ವ ಒಲ್ಲೆ ಅಂದಿದ್ದಾಳೆ, ನಾಳೆ ನಿನ್ನ ಲಗ್ನಕ್ಕ ಯಾರು ಬರತಾರ ಅಂತ. ಅಜ್ಜಿ ಬಾಯಿ ಬಿಡುತ್ತಿಲ್ಲ. ಚೌಡಿಕೆಯ ಚರ್ಮ ಹರಿದಿದೆ. ಬಿಗಿಯುವುದು ಗೊತ್ತಿದ್ದ ಚಿಕ್ಕಪ್ಪ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ, ಪಂಚಮಿಗೆ ಬರುತ್ತಾನಂತೆ. ಅಲ್ಲಿಯ ತನಕ ಎಣ್ಣೆಯ ಡಬ್ಬಕ್ಕೆ ತಂತಿ ಬಿಗಿದುಕೊಂಡು, ಅವ್ವ ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಕೈ ಕೂರಿಸಿಕೊಳ್ಳುತ್ತಿದ್ದಾಳೆ.