ಆಂಗ್ಲ ನಾಟಕಗಳಲ್ಲಿ ಬೀಳ್ಕೊಳ್ಳುವ ನುಡಿ

ನಾಟಕವನ್ನು ಓದುವಾಗ ನಾವು ಪಾತ್ರಗಳ ಪ್ರವೇಶವನ್ನು ಲಕ್ಷಿಸುವಷ್ಟು ನಿಷ್ಕ್ರಮಣವನ್ನು ಲಕ್ಷಿಸುವುದಿಲ್ಲ. ಆದರೆ ಷೇಕ್ಸ್‌ಪಿಯರನ ಕಾಲದ ರಂಗದಲ್ಲಿ ಹೊರಟುಹೋಗುವುದೂ ಒಂದು ಕಾರ್ಯವೇ ಆಗಿತ್ತು. ಗ್ಲೋಬಿನಂತಹ ಬಯಲು ರಂಗಮಂದಿರಗಳಲ್ಲಿ ದೃಶ್ಯವನ್ನು ಮುಚ್ಚುವ ಮುಂಪರದೆಯಿರಲಿಲ್ಲ. ನಟನು ಪ್ರೇಕ್ಷಕರ ಕಣ್ಣೆದುರಿನಲ್ಲಿಯೇ ನಡೆದು ಒಳಹೋಗಬೇಕು. ಆ ನಡಿಗೆಗೆ ಮಾತೇ ಆಧಾರ. ಆದುದರಿಂದಲೇ ಆ ನಾಟಕಗಳಲ್ಲಿ ಬೀಳ್ಕೊಳ್ಳುವ ನುಡಿಗಳು ವಿಪುಲವಾಗಿವೆ. ಅನೇಕ ಕಡೆ ಅವು ಬರಿಯ ಬಾಗಿಲಿನ ಕೆಲಸವನ್ನಷ್ಟೇ ಮಾಡುತ್ತವೆಂಬುದನ್ನೂ ಒಪ್ಪಬೇಕು.

ಮುಖ್ಯ ಪದಗಳು ಮೂರು. ‘ಫೇರ್‌ವೆಲ್’ ಎಂದರೆ ಸುಖವಾಗಿ ಪಯಣಿಸು. ಫ್ರೆಂಚಿನಿಂದ ಬಂದ ‘ಅಡ್ಯೂ’ ಎಂದರೆ ದೇವರಿಗೆ ಒಪ್ಪಿಸಿದೆ. ‘ದೇವರು ನಿನ್ನೊಡನಿರಲಿ’ ಎಂಬ ಇಡೀ ವಾಕ್ಯವು ಜನರ ಬಾಯಲ್ಲಿ ಸವೆದು ‘ಗುಡ್‌ಬೈ’ ಆಯಿತು. ರಂಗದ ಮೇಲೆ ದೇವರ ಹೆಸರನ್ನು ಲಘುವಾಗಿ ನುಡಿದರೆ ೧೦ ಪೌಂಡು ದಂಡವೆಂದು ೧೬೦೬ರಲ್ಲಿ ಶಾಸನವಾದ ಕಾಲವದು. ಈ ಪದಗಳ ಮೂಲಾರ್ಥವನ್ನು ಕೇಳುಗರು ಪೂರ್ತಿಯಾಗಿ ಮರೆತಿರಲಾರರು.

‘ಹ್ಯಾಮ್ಲೆಟ್’ ನಾಟಕದ ಪ್ರೇತವು ಬೆಳಗಾಗುವ ಮುನ್ನ ಮಗನನ್ನು ಅಗಲುವಾಗ ‘ಅಡ್ಯೂ’ ಎಂಬುದನ್ನೇ ಮರಳಿ ಮರಳಿ ನುಡಿದು, ತನ್ನನ್ನು ನೆನೆಯೆಂದು ಆಜ್ಞಾಪಿಸುತ್ತದೆ. ತಾನೇ ಸದ್ಗತಿಯಿಲ್ಲದೆ ಬೇಯುತ್ತಿರುವ ಜೀವವು ಮಗನನ್ನು ದೇವರಿಗೆ ಒಪ್ಪಿಸುತ್ತಿದೆ. ಒಪ್ಪಿಸುತ್ತಲೇ ಕೊಲೆಯ ಭಾರವನ್ನು ಅವನ ಹೆಗಲಿಗೇರಿಸುತ್ತಿದೆ. ಹರಕೆಯೂ ಹೊರೆಯೂ ಇಲ್ಲಿ ಒಂದೇ ಪದದಲ್ಲಿವೆ.

ಸುಮಾರು ೧೫೯೯ರ ‘ಜೂಲಿಯಸ್ ಸೀಜರ್’ನಲ್ಲಿ, ಫಿಲಿಪ್ಪಿಯ ಕಾಳಗಕ್ಕೆ ಮುನ್ನ ಬ್ರೂಟಸನೂ ಕ್ಯಾಸಿಯಸನೂ ಬೀಳ್ಕೊಳ್ಳುತ್ತಾರೆ. ಮತ್ತೆ ಕಂಡರೆ ನಗೋಣ, ಕಾಣದಿದ್ದರೆ ಈ ಅಗಲಿಕೆಯನ್ನಾದರೂ ಚೆನ್ನಾಗಿ ಮಾಡಿಕೊಂಡೆವು ಎಂಬುದು ಬ್ರೂಟಸನ ಮಾತಿನ ಸಾರ. ಕ್ಯಾಸಿಯಸನು ಅದನ್ನೇ ಹೆಚ್ಚುಕಡಮೆ ಹಾಗೆಯೇ ಹಿಂದಿರುಗಿಸುತ್ತಾನೆ. ಅಲಂಕಾರವಿಲ್ಲ, ಅಳುವಿಲ್ಲ. ಸ್ವಲ್ಪ ಹೊತ್ತಿನಲ್ಲಿಯೇ ಬ್ರೂಟಸನು ಗೆಳೆಯನ ಹೆಣದ ಮುಂದೆ ನಿಂತು ಅದೇ ನುಡಿಯನ್ನು ಮತ್ತೊಮ್ಮೆ ಆಡಬೇಕಾಗುತ್ತದೆ. ಈ ಸಲ ಉತ್ತರ ಬರುವುದಿಲ್ಲ.

ಒಥೆಲೋವಿನ ಬೀಳ್ಕೊಡುಗೆ ಇನ್ನೂ ವಿಚಿತ್ರ. ಅವನು ಎಲ್ಲಿಗೂ ಹೊರಟಿಲ್ಲ. ಮನಶ್ಶಾಂತಿಗೆ, ಸೈನ್ಯಕ್ಕೆ, ಕುದುರೆಗೆ, ಕಹಳೆ ಭೇರಿಗಳಿಗೆ ಒಂದೊಂದಾಗಿ ‘ಫೇರ್‌ವೆಲ್’ ಹೇಳುತ್ತಾನೆ. ಕೇಳಲು ಎದುರಿಗಿರುವವನು ಇಯಾಗೊ ಒಬ್ಬನೇ. ಆಪಾದನೆಗೆ ಸಾಕ್ಷ್ಯ ದೊರೆಯುವ ಮೊದಲೇ ಆ ವೀರನು ತನ್ನನ್ನು ತಾನೇ ಕಳುಹಿಸಿಕೊಟ್ಟುಬಿಡುತ್ತಾನೆ.

‘ಎಂಟನೆಯ ಹೆನ್ರಿ’ಯಲ್ಲಿ ಅಧಿಕಾರಭ್ರಷ್ಟನಾದ ಕಾರ್ಡಿನಲ್ ವುಲ್ಸಿಯು ತನ್ನ ವೈಭವಕ್ಕೆ ದೀರ್ಘವಾದ ವಿದಾಯ ಹೇಳುವ ಭಾಗವು ಬಹು ಪ್ರಸಿದ್ಧ. ಅದು ಸಹಕರ್ತೃವಾದ ಫ್ಲೆಚರನದೆಂದು ಹಲವು ವಿದ್ವಾಂಸರ ಮತ. ಅದರ ನಾದ ಸೊಗಸಾದುದೇ. ಆದರೂ ಅಲ್ಲಿ ಮಾತನಾಡುವವನು ತನ್ನ ದುಃಖವನ್ನು ತಾನೇ ಆಲಿಸುತ್ತಾ ನಿಂತಂತಿದೆ. ಬ್ರೂಟಸನ ಸಂಯಮವೇ ನಮಗೆ ಹಿರಿದಾಗಿ ತೋರುತ್ತದೆ.

ಇವೆಲ್ಲವನ್ನೂ ತರಗತಿಯಲ್ಲಿ ನಾವು ‘ವಿದಾಯ’ ಎಂಬ ಒಂದೇ ಪದದಿಂದ ತೀರಿಸಿಬಿಡುತ್ತೇವೆ. ಕನ್ನಡಿಗನು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿಬರುತ್ತೇನೆ’ ಎನ್ನುತ್ತಾನೆ. ಮರಳಿ ಬರುವ ಭರವಸೆಯಿಲ್ಲದೆ ನಮ್ಮಲ್ಲಿ ಅಗಲಿಕೆಯ ಮಾತೇ ಇಲ್ಲ. ಫಿಲಿಪ್ಪಿಯ ಗೆಳೆಯರಿಗೆ ಆ ಮಾತು ಸಲ್ಲುವುದೇ? ಒಥೆಲೋವಿಗೆ ಸಲ್ಲುವುದೇ? ಉಪಾಧ್ಯಾಯರು ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಲಿ. ಉತ್ತರವನ್ನು ಹುಡುಕುವಾಗ ಅವರಿಗೆ ಆಂಗ್ಲ ನಾಟಕದ ಮರ್ಮದೊಡನೆ ತಮ್ಮ ನುಡಿಯ ಮರ್ಮವೂ ತಿಳಿದೀತು.