ಮುಡಬಿಯ ದಾರಿಗೆ ಅವಸರ ಸಲ್ಲದು

ಭಾನುವಾರ ನಸುಕಿಗೆ ಸೈಕಲ್ ಏರಿ ಊರಾಚೆ ಹೋಗಿಬರುವುದು ನಮ್ಮ ನಗರಗಳಲ್ಲಿ ಈಗ ಚೆನ್ನಾಗಿ ಬೇರೂರಿದ ರೂಢಿ. ಬೆಂಗಳೂರಿನವರಿಗೆ ನಂದಿ ಬೆಟ್ಟ ಇದ್ದಂತೆ ಕಲಬುರಗಿಯವರಿಗೆ ಬಸವಕಲ್ಯಾಣ–ಹುಮನಾಬಾದ್ ಸೀಮೆ ಇದೆ. ಆದರೆ ನಂದಿಯ ಏರಿನಲ್ಲಿ ಕಲಿತ ಚಾಳಿಯನ್ನೇ ಮುಡಬಿಯ ದಾರಿಗೂ ತಂದರೆ ಈ ಸೀಮೆ ಕಣ್ಣಿಗೆ ಬೀಳುವುದೇ ಇಲ್ಲ.

ಆ ಚಾಳಿ ಲೆಕ್ಕದ್ದು. ಎಷ್ಟು ಕಿಲೋಮೀಟರ್, ಎಷ್ಟು ಏರು, ಸರಾಸರಿ ವೇಗ ಎಷ್ಟು ಎಂಬುದನ್ನು ಮೊಬೈಲ್ ಬರೆದಿಡುತ್ತದೆ, ಮನೆಗೆ ಬಂದ ಮೇಲೆ ಮಾತೂ ಅದರದೇ. ಬ್ರೆವೆ ಎಂಬ ದೂರದ ಸವಾರಿಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆಯ ಗಡುವು. ಚಹಾ, ಊಟ, ಪಂಕ್ಚರ್ ಎಲ್ಲವೂ ಅದರೊಳಗೇ. ಅದೊಂದು ಕಠಿಣ ಶಿಸ್ತು, ಅದಕ್ಕೆ ನನ್ನ ಗೌರವವಿದೆ. ಆದರೆ ಅದನ್ನೇ ಅಳತೆಗೋಲಾಗಿ ಹಿಡಿದು ಒಂದು ದಿನದ ವಿಹಾರಕ್ಕೆ ಹೊರಟವರಿಗೆ ಮುಡಬಿ ಫೋಟೋ ತೆಗೆದು ತಿರುಗುವ ಜಾಗವಾಗಿಬಿಡುತ್ತದೆ.

ಮುಡಬಿ ಬಸವಕಲ್ಯಾಣ ತಾಲ್ಲೂಕಿನ ಹೋಬಳಿ ಊರು. ಬೆಟ್ಟವಿಲ್ಲ, ಜಲಪಾತವಿಲ್ಲ. ಇಲ್ಲಿ ನೋಡಬೇಕಾದ್ದು ನೆಲ. ಕಪ್ಪು ಎರೆಯ ಹೊಲದ ಪಕ್ಕದಲ್ಲೇ ಕೆಂಪು ಮುರದ ದಿಬ್ಬ ಏಳುತ್ತದೆ, ಅದರೊಂದಿಗೆ ಬೆಳೆಯೂ ಬದಲಾಗುತ್ತದೆ. ಮಳೆಗಾಲದಲ್ಲಿ ಸೋಯಾ, ಉದ್ದು, ಹೆಸರು. ಚಳಿಗೆ ಜೋಳ, ಕಡಲೆ. ಇವೆರಡರ ನಡುವೆ ಹೂವಿನಿಂದ ಕಾಯಿಗೆ ತಿರುಗುವ ತೊಗರಿ. ಕಾರಿನಲ್ಲಿ ಹೋದವರಿಗೆ ಇದೆಲ್ಲ ಒಂದೇ ಬಯಲು. ತಲೆ ತಗ್ಗಿಸಿ ಪೆಡಲ್ ತುಳಿಯುವವರಿಗೂ ಅಷ್ಟೇ.

ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಹೋದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ಆ ಗುಡಿಯ ಹೊರಗೋಡೆಯಲ್ಲಿ ಫಲಕದ ಮೇಲೆ ಅಕ್ಷರ ಬರೆಯುತ್ತ ನಿಂತ ಶಿಲಾಬಾಲಿಕೆ ಇದ್ದಾಳೆ. ಅವಳು ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಅರಸನ ಕೀರ್ತಿಯನ್ನು ಹೆಣ್ಣಿನ ಕೈಯಿಂದ ಬರೆಸಿದ ಆ ಶಿಲ್ಪಿಯ ಕಲ್ಪನೆ ನನಗೆ ಎಂದೂ ಹಳೆಯದೆನಿಸಿಲ್ಲ. ಬಿಸಿಲು ಓರೆಯಾಗಿ ಬಿದ್ದಾಗ ಕೆತ್ತನೆಯ ಗೆರೆ ಎದ್ದು ಕಾಣುತ್ತದೆ, ನೆತ್ತಿಗೇರಿದಾಗ ಮಸುಕಾಗುತ್ತದೆ. ಗೋಡೆಯ ಸುತ್ತ ನಿಧಾನವಾಗಿ ಒಂದು ಸುತ್ತು ಬರಲು ಗಂಟೆಯಾದರೂ ಬೇಕು. ಜಲಸಂಗಿ, ನಾರಾಯಣಪುರದ ಗುಡಿ, ಕಲ್ಯಾಣದ ಕೋಟೆ, ಮುಡಬಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುವ ಯೋಜನೆಗಳಲ್ಲಿ ಆ ಗಂಟೆಗೆ ಜಾಗವೇ ಇರುವುದಿಲ್ಲ. ಅಂಥ ಯೋಜನೆ ವಿಹಾರವಲ್ಲ, ಹಾಜರಿ ಹಾಕುವ ಕೆಲಸ.

ಪಟ್ಟಣದವರು ಹೊಲಕ್ಕೆ ಹೋಗಿ ದಿನ ಕಳೆಯುವುದನ್ನು ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಎಳ್ಳಮಾವಾಸ್ಯೆಗೆ ಕಲಬುರಗಿ, ಬೀದರ್‌ಗಳಿಂದ ಮನೆಮಂದಿಯೆಲ್ಲ ಹೊಲಕ್ಕೆ ಬಂದು, ಚರಗ ಚೆಲ್ಲಿ, ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿಗೆ ಕೂಡುತ್ತಾರೆ. ದಾರಿಯಲ್ಲಿ ಹೋಗುವವರನ್ನೂ ‘ಬರ್ರಿ, ಉಂಡು ಹೋಗ್ರಿ’ ಎಂದು ಕರೆಯುತ್ತಾರೆ. ಸೈಕಲ್ ಬಳಗಗಳು ಕಲಿಯಬೇಕಾದ ನಡೆ ಇದು. ಜೇಬಿನ ಚಾಕೊಲೇಟ್ ತಿಂದುಕೊಂಡೇ ಊರು ದಾಟುವ ಬದಲು ಬಸ್ ನಿಲ್ದಾಣದ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿಂದರೆ ಊರಿನವರೊಡನೆ ಮಾತು ಬೆಳೆಯುತ್ತದೆ, ನಾಲ್ಕು ಕಾಸೂ ಅಲ್ಲಿ ಉಳಿಯುತ್ತದೆ.

ಕುಂದುಗಳನ್ನೂ ಹೇಳಬೇಕು. ಮಾರ್ಚ್ ದಾಟಿದರೆ ಈ ಬಯಲಿನ ಬಿಸಿಲು ಅಪಾಯಕಾರಿ, ನೆರಳು ಕಡಿಮೆ. ಕಬ್ಬು ಅರೆಯುವ ಕಾಲದಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳು ಸಣ್ಣ ರಸ್ತೆಯನ್ನೆಲ್ಲ ಆಕ್ರಮಿಸುತ್ತವೆ. ಪುಣೆ–ಹೈದರಾಬಾದ್ ಹೆದ್ದಾರಿ ಸೈಕಲ್ಲಿಗೆ ಸುತರಾಂ ಬೇಡ. ಎಲ್ಲಕ್ಕಿಂತ ದೊಡ್ಡ ಕೊರತೆ ಹೆಣ್ಣುಮಕ್ಕಳದು: ದಾರಿಯಲ್ಲಿ ಶೌಚಾಲಯ ಸಿಗುವುದು ಅಪರೂಪ. ಸವಾರಿ ಏರ್ಪಡಿಸುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ, ಟೀ ಶರ್ಟಿನ ಬಣ್ಣವನ್ನಲ್ಲ.

ಇನ್ನೊಂದು ಮಾತು. ಕರ್ನಾಟಕ ಸರ್ಕಾರ 2006–07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದಾಗ ಹಳ್ಳಿಯ ಎಷ್ಟೋ ಹುಡುಗಿಯರಿಗೆ ಹೈಸ್ಕೂಲು ಹತ್ತಿರವಾಯಿತು. ನಮ್ಮ ವಿಹಾರದ ವಾಹನ ಇಲ್ಲಿನ ಮಕ್ಕಳಿಗೆ ದಿನದ ಅಗತ್ಯ. ಅವರು ಶಾಲೆಗೆ ಹೋಗುವ ಹೊತ್ತಿನಲ್ಲಿ ರಸ್ತೆ ತುಂಬ ಗುಂಪು ಕಟ್ಟಿಕೊಂಡು ನುಗ್ಗುವುದು ಸರಿಯಲ್ಲ.

ಇಷ್ಟಾದರೂ ನನ್ನ ಮತ ಈ ದಾರಿಯ ಪರವೇ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಸವಾರಿ ಆರಂಭಿಸುವ ಅನುಕೂಲವೂ ಇದೆ. ಸೈಕಲ್ ಸಾಗಿಸುವ ವ್ಯವಸ್ಥೆಯನ್ನು ನಿಲ್ದಾಣದಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ದೀಪಾವಳಿಯಿಂದ ಶಿವರಾತ್ರಿಯ ನಡುವೆ ಬನ್ನಿ. ಮುಡಬಿಯೋ ಜಲಸಂಗಿಯೋ, ಒಂದು ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ.